ಬದುವಿನ ಮೇಲೆ ನಿಂತವನ ಪಾಲು

ಹೊಲದ ಬದುವಿಗೋ, ಹಾದಿಗೋ, ಹೊಳೆದಂಡೆಯ ಪಂಪ್‌ಸೆಟ್ಟಿನ ಪಾಳಿಗೋ ಹೊಡೆದಾಟವಾಗಿ ಠಾಣೆಯ ಮೆಟ್ಟಿಲು ಹತ್ತಿದರೆ, ಅದು ಜಮಖಂಡಿಯಿರಲಿ ಬೀಳಗಿಯಿರಲಿ, ಫಿರ್ಯಾದಿಯ ಮೊದಲ ಅರ್ಧ ಪುಟ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಸದರಿ ಆರೋಪಿತರೆಲ್ಲರೂ ಗೈರಕಾಯ್ದೇಶೀರ ಮಂಡಳಿ ರಚಿಸಿಕೊಂಡು, ಬಡಿಗೆ ಕೊಡಲಿ ಹಿಡಿದು ಬಂದು, ಅವಾಚ್ಯ ಶಬ್ದಗಳಿಂದ ಬೈದು, ಜೀವ ಬೆದರಿಕೆ ಹಾಕಿ ಎಂದು ಅದು ಶುರುವಾಗುತ್ತದೆ. ಹಿಂದೆಯೇ ಹೆಸರುಗಳ ಸಾಲು. ಹೊಡೆದವನ ಹೆಸರಿನ ಕೆಳಗೆ ಅವನ ಅಣ್ಣ, ಅಣ್ಣನ ಮಗ, ಸೋದರಮಾವ, ಕಾಲೇಜಿಗೆ ಹೋಗುವ ಹುಡುಗ. ಹೆಸರು ಐದಕ್ಕಿಂತ ಕಡಿಮೆ ಇರುವುದು ಅಪರೂಪ. ಐದು ಮಂದಿಯಾದರೆ ಮಾತ್ರ ಅಕ್ರಮ ಕೂಟದ ಕಲಂ ಹತ್ತುತ್ತದೆ ಎಂಬ ಲೆಕ್ಕ ನಮ್ಮ ಕಡೆ ಎಳೆಯ ವಕೀಲರಿಗಿಂತ ಮೊದಲು ಊರ ಹಿರಿಯರಿಗೆ ಗೊತ್ತಿರುತ್ತದೆ. ಓದುಗರು ಈ ಅಂಕಣಕ್ಕೆ ಮತ್ತೆ ಮತ್ತೆ ಬರೆದು ಕೇಳುವ ಪ್ರಶ್ನೆಯೂ ಇಲ್ಲಿಂದಲೇ ಹುಟ್ಟಿದ್ದು: ಹೊಡೆದವನು ಒಬ್ಬ, ನಮ್ಮ ಹುಡುಗ ಬದುವಿನ ಮೇಲೆ ನಿಂತಿದ್ದ ಅಷ್ಟೇ, ಅವನ ಮೇಲೂ ಕೊಲೆ ಕೇಸು ಹೇಗೆ? ಇದೇ ಪ್ರಶ್ನೆ 2016ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಮೂವತ್ತು ವರ್ಷಗಳಿಂದ ತಮ್ಮ ನ್ಯಾಯಾಲಯಗಳು ನಡೆದು ಬಂದ ದಾರಿಯೇ ತಪ್ಪು ಎಂದು ಅದು ಒಪ್ಪಿಕೊಂಡಿತು. ನಮ್ಮ ದಂಡಸಂಹಿತೆ ಬಂದದ್ದು ಆ ದೇಶದವರ ಕೈಯಿಂದಲೇ. ಅವರು ತಿದ್ದಿಕೊಂಡ ತಪ್ಪಿನ ಒಡಹುಟ್ಟೊಂದು ನಮ್ಮಲ್ಲಿ 2024ರ ಜುಲೈ 1ರಿಂದ ಹೊಸ ಅಂಗಿ ತೊಟ್ಟು ಕೂತಿದೆ ಎಂಬುದು ನನ್ನ ವಾದ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಗುಂಪಿನ ಅಪರಾಧಕ್ಕೆ ನಮ್ಮಲ್ಲಿ ಎರಡು ದಾರಿಗಳಿವೆ. ಒಂದು, ಹಳೆಯ ಐಪಿಸಿಯ 34ನೇ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 3(5). ಎಲ್ಲರ ಸಮಾನ ಉದ್ದೇಶವನ್ನು ಮುಂದುವರಿಸಲು ನಡೆದ ಕೃತ್ಯಕ್ಕೆ ಪ್ರತಿಯೊಬ್ಬನೂ ತಾನೊಬ್ಬನೇ ಮಾಡಿದಷ್ಟೇ ಹೊಣೆ. ಇಲ್ಲಿ ತಲೆ ಎಣಿಸುವ ಮಾತಿಲ್ಲ, ಇಬ್ಬರಾದರೂ ಸಾಕು. ಆದರೆ ಉದ್ದೇಶ ಒಂದೇ ಆಗಿರಬೇಕು, ಕೃತ್ಯದಲ್ಲಿ ಏನಾದರೊಂದು ಪಾಲಿರಬೇಕು. ಇನ್ನೊಂದು, ಹಳೆಯ 149, ಈಗಿನ 190. ಇದಕ್ಕೆ ಐದು ಮಂದಿ ಬೇಕು, ಮತ್ತು ಇದರ ಒಳಗೆ ಎರಡು ಕವಲುಗಳಿವೆ. ಕೂಟದ ಸಮಾನ ಗುರಿಯನ್ನು ಸಾಧಿಸಲು ಒಬ್ಬ ಸದಸ್ಯ ಮಾಡಿದ ಅಪರಾಧಕ್ಕೆ ಆ ಹೊತ್ತು ಕೂಟದಲ್ಲಿದ್ದವರೆಲ್ಲ ಹೊಣೆ ಎನ್ನುವುದು ಮೊದಲ ಕವಲು. ಆ ಗುರಿಯ ಹಾದಿಯಲ್ಲಿ ಇಂಥ ಅಪರಾಧ ನಡೆಯುವ ಸಂಭವವಿದೆ ಎಂದು ಸದಸ್ಯರಿಗೆ ತಿಳಿದಿದ್ದರೂ ಸಾಕು, ಎಲ್ಲರೂ ಹೊಣೆ ಎನ್ನುವುದು ಎರಡನೆಯದು. ಮೊದಲ ಕವಲಿನ ಬಗ್ಗೆ ನನ್ನ ತಕರಾರಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರಲ್ಲ, ಅಲ್ಲಿ ಕಲ್ಲು ಹೊತ್ತವನು, ವಂತಿಗೆ ಕೊಟ್ಟವನು, ಬುತ್ತಿ ತಂದವಳು ಎಲ್ಲರೂ ಕಟ್ಟಿದವರೇ. ಕಟ್ಟುವುದೇ ಎಲ್ಲರ ಗುರಿಯಾಗಿತ್ತು. ಆದರೆ ದಂಡೆಯ ಮೇಲೆ ನಿಂತು, ಇವರು ಇದನ್ನು ಕಟ್ಟಿಯೇ ತೀರುತ್ತಾರೆ ಎಂದು ಅಂದಾಜು ಮಾಡಿದವನು ಕಟ್ಟಿದವನಾಗುವುದಿಲ್ಲ. 190ರ ಎರಡನೆಯ ಕವಲಿನಲ್ಲಿ ಈ ಗೆರೆ ಅಳಿಸಿಹೋಗುವ ಅಪಾಯವಿದೆ. ಕಲಂ ಬರೀ ನೋಡುಗನನ್ನು ಹಿಡಿಯುವುದಿಲ್ಲ, ಕೂಟದ ಸದಸ್ಯನನ್ನಷ್ಟೇ ಹಿಡಿಯುತ್ತದೆ, ನಿಜ. ಆದರೆ ಜಗಳಕ್ಕೆಂದು ಬಂದವನನ್ನೂ ಕೊಲೆಗೆಂದು ಬಂದವನನ್ನೂ ಅದು ಒಂದೇ ತಕ್ಕಡಿಗೆ ಹಾಕುತ್ತದೆ.

ಇಂಗ್ಲೆಂಡು ಎಡವಿದ್ದೂ ಇಲ್ಲಿಯೇ. 1984ರಲ್ಲಿ ಹಾಂಗ್‌ಕಾಂಗಿನಿಂದ, ವಸಾಹತುಗಳ ಮೇಲ್ಮನವಿ ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಚಾನ್ ವಿಂಗ್-ಸಿಯು ಎಂಬುವವರ ಪ್ರಕರಣ ಬಂತು. ಚಾಕು ಹಿಡಿದು ಒಂದು ಮನೆಗೆ ನುಗ್ಗಿದ ಗುಂಪಿನ ಕೈಯಲ್ಲಿ ಮನೆಯ ಯಜಮಾನ ಸತ್ತಿದ್ದ. ಜೊತೆಗಾರ ಕೊಲ್ಲಬಹುದು ಎಂದು ಮೊದಲೇ ಊಹಿಸಿ, ಆದರೂ ಜೊತೆಗೆ ಹೋದವನು ಕೊಲೆಗಾರನೇ ಎಂದು ಕೌನ್ಸಿಲ್ ಹೇಳಿತು. 1997ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಅದಕ್ಕೇ ಮುದ್ರೆ ಒತ್ತಿತು. ಕೊಂದವನನ್ನು ಕೊಲೆಗಾರ ಎನ್ನಬೇಕಾದರೆ ಕೊಲ್ಲುವ ಅಥವಾ ತೀವ್ರ ಗಾಯ ಮಾಡುವ ಉದ್ದೇಶ ಸಾಬೀತಾಗಬೇಕು. ಪಕ್ಕದಲ್ಲಿದ್ದವನಿಗಾದರೆ ಊಹೆಯೊಂದೇ ಸಾಕು. ಕೈ ಎತ್ತಿದವನಿಗಿಂತ ಕೈ ಕಟ್ಟಿದವನನ್ನು ಜೈಲಿಗೆ ಕಳಿಸುವುದು ಸುಲಭವಾಗಿತ್ತು. ಈ ಕಾನೂನಿನಡಿ ನಗರಗಳ ಬಡ ಹುಡುಗರು, ಅದರಲ್ಲೂ ಕರಿಯ ಹುಡುಗರು, ಗುಂಪುಗುಂಪಾಗಿ ಜೀವಾವಧಿಗೆ ಹೋದರು ಎಂದು ಕೈದಿಗಳ ಮನೆಯವರು ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2016ರ ಫೆಬ್ರುವರಿ 18ರಂದು ಜೋಗೀ ಪ್ರಕರಣದಲ್ಲಿ ತೀರ್ಪು ಬಂತು. ಲೆಸ್ಟರ್ ನಗರದ ಒಂದು ಮನೆಯ ಬಾಗಿಲ ಬಳಿ ನಿಂತು, ಕೈಯಲ್ಲಿ ಬಾಟಲಿ ಹಿಡಿದು, ಒಳಗಿದ್ದ ಗೆಳೆಯನನ್ನು ಹುರಿದುಂಬಿಸಿದವನು ಜೋಗೀ. ಚಾಕು ಹಾಕಿದ್ದು ಗೆಳೆಯ. ಊಹೆಯೆಂಬುದು ಉದ್ದೇಶಕ್ಕೆ ಒಂದು ಪುರಾವೆಯಾಗಬಹುದು, ಎಷ್ಟೋ ಸಲ ಬಲವಾದ ಪುರಾವೆಯೇ ಆಗಬಹುದು, ಆದರೆ ಊಹೆಯೇ ಉದ್ದೇಶವಲ್ಲ ಎಂದು ಲಾರ್ಡ್ ಹ್ಯೂಸ್ ಮತ್ತು ಲಾರ್ಡ್ ಟೌಲ್ಸನ್ ಬರೆದರು. ಜೋಗೀ ಇದರಿಂದ ಬಿಡುಗಡೆಯಾಗಿ ಮನೆಗೆ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಮರುವಿಚಾರಣೆಯಲ್ಲಿ ಕೊಲೆಯ ಬದಲು ಅದಕ್ಕಿಂತ ಕೆಳಗಿನ ನರಹತ್ಯೆಯ ಅಪರಾಧ ಸಾಬೀತಾಗಿ 12 ವರ್ಷಗಳ ಶಿಕ್ಷೆಯಾಯಿತು. ಅವನು ಎಷ್ಟರ ಮಟ್ಟಿಗೆ ತಪ್ಪಿತಸ್ಥನೋ ಅಷ್ಟಕ್ಕೆ ಶಿಕ್ಷೆ. ಗೆಳೆಯನ ಪಾಲನ್ನು ಅವನ ತಲೆಗೆ ಕಟ್ಟಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ನಮ್ಮ ಸಂಹಿತೆ ಉದ್ದೇಶ ಬೇರೆ, ತಿಳಿವು ಬೇರೆ ಎಂಬುದನ್ನು ಇಂಗ್ಲಿಷ್ ಕಾನೂನಿಗಿಂತ ಚೊಕ್ಕವಾಗಿ ಬರೆದಿಟ್ಟಿದೆ. ಕೊಲೆಯಲ್ಲದ ನರಹತ್ಯೆಯ ಕಲಂ ನೋಡಿ, ಹಳೆಯ 304, ಈಗಿನ 105. ಉದ್ದೇಶವಿದ್ದರೆ ಜೀವಾವಧಿಯವರೆಗೂ ಹೋಗಬಹುದು. ಸಾವು ಸಂಭವಿಸಬಹುದೆಂಬ ತಿಳಿವು ಮಾತ್ರ ಇದ್ದರೆ ಹೆಚ್ಚೆಂದರೆ 10 ವರ್ಷ. ಅಂದರೆ ತಾನೇ ಬಡಿಗೆ ಬೀಸಿದವನು, ಕೊಲ್ಲುವ ಮನಸ್ಸಿರಲಿಲ್ಲ ಆದರೆ ಸಾಯಬಹುದೆಂದು ಗೊತ್ತಿತ್ತು ಎಂಬ ಮೆಟ್ಟಿಲಲ್ಲಿ ನಿಂತರೆ ಸಾಮಾನ್ಯವಾಗಿ 10 ವರ್ಷಕ್ಕೆ ಮುಗಿಯುತ್ತದೆ. ಬಡಿಗೆ ಮುಟ್ಟದೆ ಹಿಂದೆ ನಿಂತವನು, ನಮ್ಮವನೊಬ್ಬ ಕೊಲೆಯವರೆಗೂ ಹೋಗಬಹುದೆಂದು ಗೊತ್ತಿತ್ತು ಎಂಬ ಅದೇ ಮೆಟ್ಟಿಲಲ್ಲಿದ್ದರೆ, ಮುಂದಿನವನು ಕೊಲೆ ಮಾಡಿದ ಕಾರಣಕ್ಕೆ, 190ರ ಮೂಲಕ ನೇರವಾಗಿ 103ಕ್ಕೆ, ಕೊಲೆಗೆ. ಅಲ್ಲಿ ಕನಿಷ್ಠ ಶಿಕ್ಷೆಯೇ ಜೀವಾವಧಿ. ನ್ಯಾಯಾಧೀಶರ ಮನಸ್ಸು ಮಿಡಿದರೂ ಕೈ ಓಡುವುದಿಲ್ಲ. ಮನಸ್ಸಿನ ಸ್ಥಿತಿ ಒಂದೇ, ಕೈ ಮಾತ್ರ ಒಬ್ಬನದು ಎದ್ದಿತ್ತು, ಇನ್ನೊಬ್ಬನದು ಎದ್ದಿರಲಿಲ್ಲ. ಹೆಚ್ಚಿನ ಶಿಕ್ಷೆ ಏಳದ ಕೈಗೆ. ಜೋಗೀ ತೀರ್ಪಿನ ನ್ಯಾಯಮೂರ್ತಿಗಳಿಗೆ ಚುಚ್ಚಿದ ಅಸಂಗತಿಯೂ ಇದೇ ಜಾತಿಯದು.

ಇದೆಲ್ಲ ಬ್ರಿಟಿಷರು ಬಿಟ್ಟುಹೋದ ವಿಷ ಎಂದು ಕೈತೊಳೆದುಕೊಳ್ಳುವುದು ಸುಲಭ; ಚರಿತ್ರೆ ಅಷ್ಟು ನೇರವಾಗಿಲ್ಲ. ಗುಂಪನ್ನು ಗುಂಪಾಗಿಯೇ ದಂಡಿಸುವುದೆಂದರೇನು ಎಂಬುದನ್ನು ಮುಧೋಳ ತಾಲೂಕು ಚೆನ್ನಾಗಿ ಬಲ್ಲದು. 1857ರ ನಿಶ್ಶಸ್ತ್ರೀಕರಣಕ್ಕೆ ಹಲಗಲಿಯ ಬೇಡರು ಒಪ್ಪದಿದ್ದಾಗ ಊರಿಗೇ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6 ಮಂದಿಯನ್ನು ನೇಣಿಗೇರಿಸಿದರು. ಮೂರು ವರ್ಷಕ್ಕೆ ಐಪಿಸಿ ಕಾಯ್ದೆಯಾಯಿತು. ಮೆಕಾಲೆಯ ಕರಡು 1837ರದ್ದಾದ್ದರಿಂದ ಹಲಗಲಿಯಿಂದ ಕಲಂ ಹುಟ್ಟಿತು ಎನ್ನಲಾಗದು. ಆದರೂ ಗುಂಪು ಕೂಡಿದರೆ ಬೆದರುವ ಸರ್ಕಾರದ ಕೈಬರಹ ಅದರಲ್ಲಿ ಕಾಣುತ್ತದೆ. ತನ್ನ ಜಮೀನಿನಲ್ಲಿ ದೊಂಬಿಯಾದರೆ ಪೊಲೀಸರಿಗೆ ಸುದ್ದಿ ಮುಟ್ಟಿಸದ ಭೂಮಾಲೀಕನಿಗೆ ಒಂದು ಸಾವಿರ ರೂಪಾಯಿಯವರೆಗೆ ದಂಡ ಎಂಬ ಕಲಂ ಕೂಡ ಆ ಕಾಲದ್ದೇ. ಅದೂ ಹೊಸ ಸಂಹಿತೆಯ 193ರಲ್ಲಿ ಹಾಗೇ ಉಳಿದಿದೆ, ಸಾವಿರ ರೂಪಾಯಿಯೂ ಏರಿಲ್ಲ. ಇನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ನಮ್ಮ ಗುಂಪು ಪ್ರಕರಣಗಳಲ್ಲಿ ಎರಡೂ ಬಗೆಯ ಮಾತಾಡಿದೆ. ಕಲ್ಕತ್ತೆಯ ಶಂಕರಿಟೋಲಾ ಅಂಚೆ ಕಚೇರಿಯಲ್ಲಿ 1923ರಲ್ಲಿ ಪೋಸ್ಟ್‌ಮಾಸ್ಟರ್ ಗುಂಡಿಗೆ ಬಲಿಯಾದಾಗ, ತಾನು ಹೊರಗೆ ಅಂಗಳದಲ್ಲಿ ನಿಂತಿದ್ದೆ ಎಂದ ಬರೇಂದ್ರ ಕುಮಾರ ಘೋಷರ ವಾದ ನಡೆಯಲಿಲ್ಲ. ನಿಂತು ಕಾಯುವುದೂ ಒಂದು ಕೆಲಸವೇ ಎಂದಿತು ಕೌನ್ಸಿಲ್. ದರೋಡೆಗೆ ಕಾವಲು ನಿಂತವನ ಮಟ್ಟಿಗೆ ಅದು ಸರಿಯೇ. ಆದರೆ 1945ರ ಮಹಬೂಬ್ ಶಾ ಪ್ರಕರಣ ನಮ್ಮ ಹೊಳೆಸಾಲಿನವರಿಗೆ ಇನ್ನೂ ಹತ್ತಿರದ್ದು. ಸಿಂಧೂ ನದಿಯ ದಂಡೆಯಲ್ಲಿ ಜೊಂಡು ಕೊಯ್ದ ಜಗಳ. ಸಿಕ್ಕಿಬಿದ್ದ ತಮ್ಮವನೊಬ್ಬ ಕೂಗಿಕೊಂಡಾಗ ಇಬ್ಬರು ಬಂದೂಕು ಹಿಡಿದು ಓಡಿಬಂದರು. ಒಬ್ಬನ ಗುಂಡಿಗೆ ಒಬ್ಬ ಸತ್ತ. ಮಹಬೂಬನ ಗುಂಡಿಗೆ ಇನ್ನೊಬ್ಬ ಗಾಯಗೊಂಡ. ಇಬ್ಬರಲ್ಲೂ ಒಂದೇ ತೆರನಾದ ಉದ್ದೇಶವಿದ್ದಿರಬಹುದು, ಆದರೆ ಇಬ್ಬರೂ ಮೊದಲೇ ಕೂಡಿ ಮಾಡಿಕೊಂಡ ಸಮಾನ ಉದ್ದೇಶವಿತ್ತೆಂಬುದಕ್ಕೆ ಪುರಾವೆಯಿಲ್ಲ, ಎರಡರ ನಡುವಿನ ಗೋಡೆ ತೆಳುವಾದರೂ ಗೋಡೆಯೇ ಎಂಬ ಅರ್ಥದ ಮಾತು ಹೇಳಿ ಕೌನ್ಸಿಲ್ ಮಹಬೂಬನ ಕೊಲೆ ಶಿಕ್ಷೆಯನ್ನು ರದ್ದು ಮಾಡಿತು. ಅದನ್ನು ಹೇಳಿದ್ದು ಸಾಮ್ರಾಜ್ಯದ ನ್ಯಾಯಾಲಯ. ಆ ತೆಳುಗೋಡೆಯನ್ನು ಎರಡನೆಯ ಕವಲಿನ ಮುಂದೆ ಕಟ್ಟಲು 2023ರಲ್ಲಿ ನಮ್ಮ ಸಂಸತ್ತಿಗೆ ಅವಕಾಶವಿತ್ತು. ಅದು 149ರ ಪಠ್ಯವನ್ನು 190ಕ್ಕೆ ನಕಲು ಮಾಡಿ ಮುಂದೆ ಹೋಯಿತು.

ನನ್ನ ವಾದಕ್ಕೆ ಬರುವ ಅತ್ಯಂತ ತೂಕದ ಆಕ್ಷೇಪ ದಲಿತ ಕೇರಿಗಳಿಂದ ಬರುತ್ತದೆ, ಮತ್ತು ಅದನ್ನು ಹಗುರವಾಗಿ ದಾಟುವಂತಿಲ್ಲ. ಕತ್ತಲಲ್ಲಿ ನೂರು ಜನ ನುಗ್ಗಿ ಗುಡಿಸಲಿಗೆ ಬೆಂಕಿ ಇಟ್ಟಾಗ, ಕಡ್ಡಿ ಗೀರಿದವನು ಯಾರು ಎಂದು ಜೀವ ಉಳಿಸಿಕೊಳ್ಳಲು ಓಡುವವರು ಹೇಗೆ ನೋಡಿಯಾರು? ಗುಂಪಿನ ಹೊಣೆಯನ್ನು ಸಡಿಲಿಸಿದರೆ ಉಪಕಾರವಾಗುವುದು ಯಾರಿಗೆ? 2000ದ ಮಾರ್ಚಿನಲ್ಲಿ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಈ ಎರಡು ಸಾಲನ್ನು ಓದಿದ ಯಾರಿಗೂ ಗುಂಪಿನ ಕಾನೂನನ್ನು ಕುಗ್ಗಿಸಿ ಎನ್ನಲು ನಾಲಗೆ ತಡವರಿಸಬೇಕು. ಆದರೆ ಅಲ್ಲಿ ಸೋತದ್ದು ಏನು? ಐಪಿಸಿಯ 149 ಆಗಲೂ ಇಷ್ಟೇ ಅಗಲವಾಗಿತ್ತು. ಸೋತದ್ದು ಸಾಕ್ಷಿ, ಸಾಕ್ಷಿದಾರರು ಕಟಕಟೆಯಲ್ಲಿ ತಿರುಗಿಬಿದ್ದರು. ಬಲಾಢ್ಯರ ನಡುವೆಯೇ ಬದುಕಬೇಕಾದವರಿಗೆ ರಕ್ಷಣೆ ಕೊಡದೆ, ಕಲಂ ಎಷ್ಟು ಅಗಲ ಬರೆದರೂ ಪ್ರಯೋಜನವಿಲ್ಲ. ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟು 2018ರಲ್ಲಿ ಕಾನೂನಿನ ಬಲ ಕೊಟ್ಟಿದೆ. ಪ್ರತಿ ರಾಜ್ಯವೂ ಇಂಥ ಯೋಜನೆ ಹೊರಡಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಹೇಳುತ್ತದೆ. ಸಂತ್ರಸ್ತರ ಪರ ನಿಲ್ಲುವವರು ಜಗ್ಗಬೇಕಾದ ಹಗ್ಗ ಅದು.

ಅದೇ ಹೊತ್ತಿಗೆ ಮರಕುಂಬಿಯನ್ನೂ ನೋಡಬೇಕು. ಗಂಗಾವತಿ ತಾಲೂಕಿನ ಆ ಹಳ್ಳಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಮೇಲೆ ಹಲ್ಲೆಯಾಯಿತು, ಗುಡಿಸಲುಗಳು ಸುಟ್ಟವು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, 3 ಮಂದಿಗೆ 5 ವರ್ಷ ಶಿಕ್ಷೆ ಕೊಟ್ಟಿತು. ಮೂವರಿಗೆ ಕಡಿಮೆಯಾದದ್ದು ದೌರ್ಜನ್ಯ ತಡೆ ಕಾಯ್ದೆ ಅವರಿಗೆ ಅನ್ವಯಿಸದ ಕಾರಣ, ಅವರೂ ಪರಿಶಿಷ್ಟರೇ. ದಲಿತರ ಮನೆಗೆ ಬೆಂಕಿ ಇಟ್ಟರೆ ಆ ಕಾಯ್ದೆ ಜೀವಾವಧಿಯೊಂದನ್ನೇ ಹೇಳುತ್ತದೆ. ಮರುತಿಂಗಳೇ ಹೈಕೋರ್ಟಿನ ಧಾರವಾಡ ಪೀಠ 97 ಮಂದಿಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ತೀರ್ಪು ಬಂದ ದಿನ ಒಂದು ಕಡೆ ಸಿಹಿ ಹಂಚಿಕೆ, ಇನ್ನೊಂದು ಕಡೆ ಒಂದೇ ಊರಿನ ನೂರು ಮನೆಗಳ ಗೋಳು ಎಂಬ ಚಿತ್ರಣಕ್ಕೆ ನಾನು ಬೀಳುವುದಿಲ್ಲ. ಕಾನೂನಿನ ಪ್ರಶ್ನೆ ಬೇರೆ. ಕೇರಿಗೆ ನುಗ್ಗಿ ಸುಡುವುದೇ ಒಂದು ಗುಂಪಿನ ಗುರಿಯಾಗಿದ್ದರೆ ಅದು ಮೊದಲ ಕವಲು. ಬೆಂಕಿ ಇಟ್ಟ ಕೈ ಯಾರದೇ ಇರಲಿ, ಆ ಗುರಿ ಹೊತ್ತು ಬಂದವರೆಲ್ಲ ಹೊಣೆ; ಎರಡನೆಯ ಕವಲನ್ನು ನಾಳೆಯೇ ತೆಗೆದುಹಾಕಿದರೂ ಅಂಥವರು ತಪ್ಪಿಸಿಕೊಳ್ಳುವುದಿಲ್ಲ. ಎರಡನೆಯ ಕವಲು ಬೇಕಾಗುವುದು ಗುರಿ ಒಂದಾಗಿದ್ದು, ನಡೆದದ್ದು ಮತ್ತೊಂದಾದಾಗ: ಬದು ಒಡೆಯಲು ಹೋದರು, ಹೆಣ ಬಿತ್ತು. ಜಾತಿ ದೌರ್ಜನ್ಯಕ್ಕಿಂತ ಅಣ್ಣತಮ್ಮಂದಿರ ಜಗಳದಲ್ಲಿ, ಜಾತ್ರೆಯ ಗದ್ದಲದಲ್ಲಿ, ಚುನಾವಣೆಯ ಮರುದಿನದ ಹೊಡೆದಾಟದಲ್ಲಿ ಇದು ಹೆಚ್ಚು ಕೆಲಸ ಮಾಡುವ ಕವಲು.

ಎಲ್ಲರ ಹೆಸರು ಬರೆಸಿದರೆ ಫಿರ್ಯಾದಿಗೆ ಬಲ ಬರುತ್ತದೆ ಎಂಬ ನಂಬಿಕೆಯೂ ಪೊಳ್ಳು. ಇಪ್ಪತ್ತು ಮಂದಿ ಕೂಡಿ ಹೊಡೆದರು ಎಂದು ಐವರು ಸಾಕ್ಷಿಗಳು ಒಂದೇ ಉಸಿರಿನಲ್ಲಿ ಹೇಳಿದರೆ, ಶವಪರೀಕ್ಷೆಯಲ್ಲಿ ಮೂರೇ ಗಾಯ ಸಿಕ್ಕಿದ ಕೂಡಲೇ ಎದುರು ವಕೀಲರ ಅರ್ಧ ಕೆಲಸ ಮುಗಿಯಿತು. ಸುಳ್ಳು ಬೆರೆಸಿದ ಹದಿನೇಳು ಹೆಸರುಗಳು ನಿಜವಾದ ಮೂವರಿಗೆ ಕವಚವಾಗುತ್ತವೆ. ಕಾಳು ಜೊಳ್ಳು ಬೇರ್ಪಡಿಸಬೇಕಾದದ್ದು ನ್ಯಾಯಾಲಯದ ಕೆಲಸ, ನಿಜ, ಆದರೆ ಪ್ರತಿ ಸಲ ಅದು ಸಾಧ್ಯವಾಗುವುದಿಲ್ಲ. ಇದನ್ನು ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಕಂಡಿತ್ತು. 1964ರ ಮಸಾಲ್ತಿ ಪ್ರಕರಣದಲ್ಲಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕೆಲಕಾಲ ಓದಿದ್ದ ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ಎರಡು ಮಾತು ಹೇಳಿದರು. ಕೂಟದ ಸದಸ್ಯನೆಂದು ಸಾಬೀತಾದರೆ ಅವನೇ ಕೈ ಎತ್ತಿರಬೇಕೆಂದಿಲ್ಲ. ಇದನ್ನು ಸರ್ಕಾರಿ ವಕೀಲರು ಇವತ್ತಿಗೂ ಮರೆಯದೆ ಹೇಳುತ್ತಾರೆ. ಆರೋಪಿಗಳು ಬಹಳ, ಸಾಕ್ಷಿಗಳೂ ಬಹಳ ಇದ್ದಾಗ, ಒಬ್ಬೊಬ್ಬ ಆರೋಪಿಯ ವಿರುದ್ಧ ಎರಡು ಮೂರು ಅಥವಾ ಹೆಚ್ಚು ಸಾಕ್ಷಿಗಳ ಒಂದೇ ತೆರನಾದ ಹೇಳಿಕೆ ಇದೆಯೇ ಎಂದು ಅಳೆಯುವುದು ಒಳ್ಳೆಯದು. ಇದು ಎರಡನೆಯ ಮಾತು, ಅಷ್ಟಾಗಿ ಕೇಳಿಬರುವುದಿಲ್ಲ. 2025ರ ಮಾರ್ಚಿನಲ್ಲಿ ಗುಜರಾತಿನ ವಡೋದ ಗ್ರಾಮದ 2002ರ ಗಲಭೆ ಪ್ರಕರಣದಲ್ಲಿ ಆರು ಮಂದಿಯನ್ನು ಬಿಡುಗಡೆ ಮಾಡುವಾಗ ಕೋರ್ಟು ಮತ್ತೆ ಎಚ್ಚರಿಸಿತು: ಊರಲ್ಲಿ ಗದ್ದಲವಾದರೆ ಊರವರು ಬಂದು ನೋಡುವುದು ಸಹಜ, ಅಲ್ಲಿದ್ದ ಮಾತ್ರಕ್ಕೆ ಕೂಟದ ಸದಸ್ಯನಾಗುವುದಿಲ್ಲ. ಮಾತು ಬಂಗಾರದಂಥದು. ಆದರೆ ದೆಹಲಿಯಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಆ ಆರು ಮಂದಿಗೆ ಇಪ್ಪತ್ತಮೂರು ವರ್ಷ ಕಳೆದಿತ್ತು. ಒಂದೊಂದು ಪ್ರಕರಣದಲ್ಲಿ ಮೇಲ್ಮನವಿಯ ಕೊನೆಯಲ್ಲಿ ಸಿಗುವ ಈ ಎಚ್ಚರಿಕೆ ಕಾನೂನಿನ ಪಠ್ಯದಲ್ಲೇ ಇದ್ದರೆ ಠಾಣೆಯಲ್ಲೇ ಕೆಲಸ ಮಾಡುತ್ತಿತ್ತು.

ಇನ್ನೊಂದು ಆಕ್ಷೇಪ ಕಾನೂನು ಬಲ್ಲವರದು. ಇಂಗ್ಲೆಂಡಿನಲ್ಲಿ ತಪ್ಪನ್ನು ಮಾಡಿದವರು ನ್ಯಾಯಾಧೀಶರು, ಆದ್ದರಿಂದ ನ್ಯಾಯಾಧೀಶರೇ ತಿದ್ದಿದರು. ನಮ್ಮಲ್ಲಿ ಅದು ಶಾಸನದ ಅಕ್ಷರ, ಜೋಗೀಯನ್ನು ತಂದು ಇಲ್ಲಿ ಅಂಟಿಸಲಾಗದು ಎನ್ನುತ್ತಾರೆ. ಒಪ್ಪುತ್ತೇನೆ. ಜೋಗೀ ಜಗತ್ತಿಗೆಲ್ಲ ಒಪ್ಪಿತವೂ ಆಗಿಲ್ಲ. ಅದೇ 2016ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು ಬೇಡವೆಂದಿತು. ಚಾನ್ ವಿಂಗ್-ಸಿಯು ಪ್ರಕರಣ ಹುಟ್ಟಿದ ಹಾಂಗ್‌ಕಾಂಗ್ ಕೂಡ ಬೇಡವೆಂದಿತು. ಇಂಗ್ಲೆಂಡಿನಲ್ಲೇ ಹಳೆಯ ಕೈದಿಗಳಲ್ಲಿ ಬಹುತೇಕರಿಗೆ ಅದರ ಫಲ ಸಿಗಲಿಲ್ಲ. ಗಂಭೀರ ಅನ್ಯಾಯವಾಗಿದೆಯೆಂದು ತೋರಿಸಿದರೆ ಮಾತ್ರ ಹಳೆಯ ತೀರ್ಪು ತೆರೆಯುತ್ತೇವೆ ಎಂಬ ಷರತ್ತು ಹಾಕಿ ಮೇಲ್ಮನವಿ ನ್ಯಾಯಾಲಯ ಬಾಗಿಲನ್ನು ಬಿರುಕಿನಷ್ಟೇ ತೆರೆಯಿತು. ಊಹೆಯಿಂದ ಉದ್ದೇಶವನ್ನು ಜ್ಯೂರಿ ಈಗಲೂ ಕಟ್ಟಬಹುದಾದ್ದರಿಂದ ಬದಲಾದದ್ದು ಕಡಿಮೆ ಎಂಬ ದೂರೂ ಅಲ್ಲಿದೆ. ಆದ್ದರಿಂದ ಇಂಗ್ಲೆಂಡನ್ನು ನಕಲು ಮಾಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಸಂಹಿತೆಯಲ್ಲೇ ಮದ್ದಿದೆ. ಐವರು ಅಥವಾ ಹೆಚ್ಚು ಮಂದಿ ಕೂಡಿ ಡಕಾಯಿತಿ ಮಾಡುವಾಗ ಅವರಲ್ಲೊಬ್ಬ ಕೊಲೆ ಮಾಡಿದರೆ ಎಲ್ಲರೂ ಹೊಣೆ ಎನ್ನುತ್ತದೆ ಹಳೆಯ 396, ಈಗಿನ 310(3). ಆದರೆ ಅಲ್ಲಿ ಶಿಕ್ಷೆ ಒಂದೇ ಅಲ್ಲ. ಮರಣ, ಅಥವಾ ಜೀವಾವಧಿ, ಅಥವಾ ಕಠಿಣ ಸಜೆ. ಹೊಸ ಸಂಹಿತೆ ಆ ಸಜೆಯನ್ನು 10 ವರ್ಷಕ್ಕೆ ಕಡಿಮೆಯಿರಬಾರದು ಎಂದಿದೆ, ಇರಲಿ. ಹೊರಗೆ ಕಾವಲಿದ್ದ ಡಕಾಯಿತನಿಗೂ ಒಳಗೆ ಗುಂಡು ಹಾರಿಸಿದ ಡಕಾಯಿತನಿಗೂ ಭೇದ ಮಾಡಲು ನ್ಯಾಯಾಧೀಶರ ಕೈಯಲ್ಲಿ ಅಳತೆಗೋಲು ಇದೆ. ಚಿಕ್ಕಪ್ಪನ ಹಿಂದೆ ಬದುವಿಗೆ ಹೋದ ಹುಡುಗನ ವಿಷಯದಲ್ಲಿ ಅದೇ ನ್ಯಾಯಾಧೀಶರ ಕೈ ಖಾಲಿ. ಊರೂರು ಸುಲಿಯುವವನಿಗಿಂತ ಇವನು ಕಡೆಯೇ? ಅದೇ ಸಂಹಿತೆಯ 103(2), ಗುಂಪು ಹತ್ಯೆಯ ಹೊಸ ಉಪಕಲಂ, ಐವರು ಒಟ್ಟುಗೂಡಿ ಸಂಘಟಿತವಾಗಿ ಕೊಂದರೆ ಎನ್ನುತ್ತದೆ. ಸಂಭವವಿದೆಯೆಂದು ತಿಳಿದಿದ್ದರೂ ಸಾಕು ಎನ್ನುವುದಿಲ್ಲ. ಕೂಡಿ ಮಾಡುವುದು ಎಂದು ಬರೆಯಲು ಸಂಸತ್ತಿಗೆ ಬರುತ್ತದೆ ಎಂದಾಯಿತು.

ಗುಂಪಿನ ಧೈರ್ಯದಿಂದಲೇ ಒಬ್ಬ ಕೊಡಲಿ ಎತ್ತುತ್ತಾನೆ, ಹಿಂದೆ ನಿಂತವರಿಲ್ಲದಿದ್ದರೆ ಎತ್ತುತ್ತಿರಲಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ಹಿಂದೆ ನಿಂತವನನ್ನು ಬಿಡಿ ಎನ್ನುವುದಿಲ್ಲ. 190ರ ಎರಡನೆಯ ಕವಲಿಗೆ ಒಂದು ಪರಂತುಕ ಸೇರಿಸಿದರೆ ಸಾಕು: ನಡೆದ ಅಪರಾಧ ಕೊಲೆಯಾಗಿದ್ದು, ಸದಸ್ಯನಿಗೆ ಕೊಲ್ಲುವ ಉದ್ದೇಶವಿರದೆ ಸಂಭವದ ತಿಳಿವು ಮಾತ್ರ ಇದ್ದಲ್ಲಿ, ಅವನಿಗೆ ಜೀವಾವಧಿ ಅಥವಾ 10 ವರ್ಷದವರೆಗಿನ ಸಜೆ. ಶಾಸನ ಬರುವವರೆಗೆ ಕಾಯದೆ ಮಾಡಬಹುದಾದದ್ದೂ ಇದೆ. ದೋಷಾರೋಪ ಪಟ್ಟಿ ಬರೆಯುವ ತನಿಖಾಧಿಕಾರಿ ಒಬ್ಬೊಬ್ಬನ ಹೆಸರಿನ ಮುಂದೆ ಅವನು ಹಿಡಿದದ್ದೇನು, ಆಡಿದ ಮಾತೇನು, ಯಾವ ಸಾಕ್ಷಿ ಅದನ್ನು ಕಂಡ ಎಂದು ಬರೆಯಬಹುದು. ಆರೋಪ ಹೊರಿಸುವ ಸೆಷನ್ಸ್ ನ್ಯಾಯಾಲಯ ಬರೀ 190 ಎಂದು ಬರೆಯದೆ ಯಾವ ಕವಲು, ಕೂಟದ ಗುರಿ ಯಾವುದು ಎಂದು ಹೆಸರಿಸಬಹುದು. ಎ1ರಿಂದ ಎ22ರವರೆಗೆ ಎಲ್ಲರಿಗೂ ಒಂದೇ ಪ್ಯಾರಾ ಬರೆದ ಪಟ್ಟಿಯನ್ನು ಆ ಹಂತದಲ್ಲೇ ಪ್ರಶ್ನಿಸುವುದು ಆರೋಪಿಗಳ ವಕೀಲರಷ್ಟೇ ಸಂತ್ರಸ್ತರ ವಕೀಲರ ಕೆಲಸವೂ ಹೌದು, ಏಕೆಂದರೆ ಆ ಒಂದೇ ಪ್ಯಾರಾದಲ್ಲಿ ಎ1 ಕೂಡ ಅಡಗಿಕೊಂಡಿದ್ದಾನೆ.